ಬಾಗಿಲಲ್ಲಿ ನಿಂತವರು

ಹೆಣ್ಣುಮಗಳು ಹುಟ್ಟಿದ ಮನೆಯನ್ನು ಬಿಟ್ಟು ಇನ್ನೊಂದು ಮನೆಯನ್ನು ಸೇರುವುದು ನಮ್ಮ ನಾಡಿಗೆ ಹೊಸ ಸಂಗತಿಯಲ್ಲ. ಅದಕ್ಕೆ ಓಲಗವುಂಟು, ಸೋಬಾನೆಯುಂಟು. ತಾಯಿಯ ಕಣ್ಣೀರಿಗೆ ಕೂಡ ಒಂದು ಮುಹೂರ್ತವುಂಟು. ಆದರೆ ಮಂಗಳೂರಿನ ಆಸುಪಾಸಿನಲ್ಲಿ, ಕಥೋಲಿಕ ಕ್ರೈಸ್ತರ ನೆರೆಯಲ್ಲಿ ಬಾಳಿದ ನನ್ನಂಥವರು ಇನ್ನೊಂದು ಬಗೆಯ ಹೊರಡುವಿಕೆಯನ್ನೂ ಕಂಡವರು. ಮನೆಯ ಮಗಳೊಬ್ಬಳು ಕಾನ್ವೆಂಟನ್ನು ಸೇರುವುದಕ್ಕೆ ಹೊರಡುತ್ತಾಳೆ. ಹಿಂದಿನ ಸಂಜೆ ಬಂಧುಗಳು ನೆರೆದು ತೇರ್ಸ್ ಎಂಬ ಜಪಮಾಲೆಯ ಪ್ರಾರ್ಥನೆಯನ್ನು ಮುಗಿಸುತ್ತಾರೆ. ಹಿರಿಯರು ಹಣೆಯ ಮೇಲೆ ಶಿಲುಬೆಯ ಗುರುತನ್ನಿಟ್ಟು ಹರಸುತ್ತಾರೆ. ಬೆಳಗಾದ ಮೇಲೆ ಒಂದು ಪೆಟ್ಟಿಗೆ, ಒಂದು ಹಾಸಿಗೆಯ ಸುರುಳಿ, ಒಂದು ಕೊಡೆ. ಬಸ್ಸು ತಿರುವಿನಲ್ಲಿ ಮರೆಯಾಗುತ್ತದೆ. ಮದುವೆಯ ದಿಬ್ಬಣವನ್ನು ನೋಡಲು ಅಂಗಳದ ತುದಿಗೆ ಬರುವ ನೆರೆಯವರು ಇದನ್ನು ಕಿಟಕಿಯಿಂದ ನೋಡುತ್ತಾರೆ. ನೋಡಿ, "ಪಾಪ" ಎಂದೋ "ಪುಣ್ಯವಂತೆ" ಎಂದೋ ಒಂದು ಮಾತನ್ನಾಡಿ ಒಳಗೆ ಹೋಗುತ್ತಾರೆ.

ಈ ಎರಡು ಮಾತುಗಳೂ ಅವಸರದ ಮಾತುಗಳೆಂದು ನನಗೆ ಬಹುಕಾಲದಿಂದ ತೋರಿದೆ. ಮರುಕಪಡುವವರೂ ಮೆಚ್ಚುವವರೂ ಒಂದೇ ಎಣಿಕೆಯಿಂದ ಹೊರಡುತ್ತಾರೆ: ಇಂದು ಹುಡುಗಿ ಒಳಗೆ ಹೋದಳು, ಗೇಟು ಮುಚ್ಚಿತು, ಕಥೆ ಮುಗಿಯಿತು ಎಂಬುದೇ ಆ ಎಣಿಕೆ. ಸಂಗತಿಯು ಹಾಗಿಲ್ಲ. ಆ ದಿನ ಆಕೆಯು ಸೇರುವುದು ಮಠದ ಹೊಸ್ತಿಲನ್ನು ಮಾತ್ರ. ಆ ಹೊಸ್ತಿಲು ಒಂದು ಹೆಜ್ಜೆಯಲ್ಲಿ ದಾಟಿ ಮುಗಿಸುವಂಥದಲ್ಲ. ಅದರ ಅಗಲವು ವರ್ಷಗಳಿಂದ ಅಳೆಯತಕ್ಕದ್ದು. ಅಲ್ಲಿ ನಿಂತವರ ವಿಚಾರವಾಗಿ ನಾಲ್ಕು ಮಾತು ಬರೆಯಬೇಕೆಂಬುದು ನನ್ನ ಆಶೆ. ನಾನು ಆ ಮತಕ್ಕೆ ಸೇರಿದವನಲ್ಲ; ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಆದರೂ ಬೇಲಿಯ ಈಚೆಯಲ್ಲಿ ನಿಂತವನಿಗೆ ಆಚೆಯ ಮನೆಯ ಬಾಗಿಲು ಚೆನ್ನಾಗಿ ಕಾಣುವುದುಂಟು.

ಪಾಶ್ಚಾತ್ಯ ಸಂನ್ಯಾಸಕ್ಕೆ ಕಟ್ಟುಪಾಡುಗಳನ್ನು ಮಾಡಿಕೊಟ್ಟವರಲ್ಲಿ ಆರನೆಯ ಶತಮಾನದ ಇಟಲಿಯ ಸಂತ ಬೆನೆದಿಕ್ತನು ಮುಖ್ಯನು. ಆತನ ನಿಯಮಗ್ರಂಥದ ಐವತ್ತೆಂಟನೆಯ ಅಧ್ಯಾಯವು ಹೊಸಬರನ್ನು ಸೇರಿಸಿಕೊಳ್ಳುವ ಬಗೆಯನ್ನು ಹೇಳುತ್ತದೆ. ಮಠವನ್ನು ಬೆಳೆಸಬೇಕೆಂಬ ಆತುರವು ಅದರಲ್ಲಿ ಎಳ್ಳಷ್ಟೂ ಇಲ್ಲ. ಬಂದವನಿಗೆ ಸುಲಭವಾಗಿ ಬಾಗಿಲು ತೆರೆಯಕೂಡದು; ನಾಲ್ಕೈದು ದಿನ ಬಾಗಿಲಲ್ಲಿಯೇ ನಿಲ್ಲಿಸಿ, ಒರಟು ಮಾತನ್ನು ತಾಳುವನೋ ನೋಡಬೇಕು. ಆಮೇಲೆ ಒಳಗೆ ಬಿಟ್ಟು, ಎರಡು ತಿಂಗಳು ಕಳೆದ ಮೇಲೆ ನಿಯಮವನ್ನೆಲ್ಲ ಓದಿ ಹೇಳಿ, ಇದನ್ನು ನಡೆಸಬಲ್ಲೆಯಾದರೆ ಇರು, ಆರದಿದ್ದರೆ ಸ್ವತಂತ್ರನಾಗಿ ಹೋಗು ಎನ್ನಬೇಕು. ಮತ್ತೆ ಆರು ತಿಂಗಳಾದ ಮೇಲೆ ಓದಬೇಕು. ಮತ್ತೆ ನಾಲ್ಕು ತಿಂಗಳಾದ ಮೇಲೆ ಇನ್ನೊಮ್ಮೆ. ವರ್ಷವು ಹೀಗೆ ತುಂಬಿದ ಮೇಲೆಯೇ ವ್ರತ. ಕೊನೆಗೆ ಇನ್ನೊಂದು ವಿಧಿಯುಂಟು. ಆತನು ತೊಟ್ಟು ಬಂದ ಬಟ್ಟೆಗಳನ್ನು ಬಿಸಾಡಲಾಗದು, ಬಡವರಿಗೂ ಹಂಚಲಾಗದು. ಮಠದ ಉಗ್ರಾಣದಲ್ಲಿ ಇರಿಸಿಕೊಂಡಿರಬೇಕು. ಎಂದಾದರೂ ಆತನು ಹೊರಟುಹೋಗುವುದಾದರೆ ಮಠದ ಉಡುಪನ್ನು ಕಳಚಿಟ್ಟು ತನ್ನ ಬಟ್ಟೆಯಲ್ಲಿ ಹೋಗಬೇಕಷ್ಟೆ! ಹೊರಡುವಿಕೆಯನ್ನು ಆ ಗ್ರಂಥವು ಸೈತಾನನ ಪ್ರೇರಣೆಯೆಂದೇ ಎಣಿಸುತ್ತದೆ. ಎಣಿಸಿಯೂ ಬಟ್ಟೆಯನ್ನು ಜೋಪಾನಮಾಡುತ್ತದೆ. ಮನುಷ್ಯಸ್ವಭಾವವನ್ನು ಬಲ್ಲ ಹಿರಿಯನೊಬ್ಬನ ಕೈ ಈ ವಿಧಿಯಲ್ಲಿ ಕಾಣುತ್ತದೆ.

ಸಾವಿರದೈನೂರು ವರ್ಷಗಳಲ್ಲಿ ಆ ವಿಧಿಗಳು ಎಷ್ಟೋ ಮಾರ್ಪಟ್ಟಿವೆ. ತಡೆದು ನೋಡುವ ಬುದ್ಧಿಯು ಮಾತ್ರ ಉಳಿದು ಬಂದಿದೆ. 1983ರಲ್ಲಿ ಪ್ರಕಟವಾಗಿ ಇಂದಿಗೂ ನಡೆಯುತ್ತಿರುವ ಕಥೋಲಿಕ ಧರ್ಮಸಂಹಿತೆಯಂತೆ ಹದಿನೇಳು ವರ್ಷ ತುಂಬದವರು ನೊವಿಸರಾಗುವಂತಿಲ್ಲ. ಎಂದರೆ ನವಶಿಷ್ಯರ ವರ್ಗಕ್ಕೆ ಸೇರುವಂತಿಲ್ಲ. ವಿವಾಹಬಂಧನದಲ್ಲಿರುವವರು ಸೇರುವಂತಿಲ್ಲ. ಸಾಲವಿದ್ದು ತೀರಿಸಲಾರದವರನ್ನು ಸೇರಿಸಿಕೊಳ್ಳಬಾರದು. ಬಲಾತ್ಕಾರದಿಂದಲೋ ಭಯದಿಂದಲೋ ವಂಚನೆಯಿಂದಲೋ ಬಂದವರ ಸೇರ್ಪಡೆಯು ಸೇರ್ಪಡೆಯೇ ಅಲ್ಲ. ನವಶಿಷ್ಯಾವಸ್ಥೆಯು ಹನ್ನೆರಡು ತಿಂಗಳಿಗೆ ಕಡಮೆಯಿರಲಾಗದು. ಆ ಅವಧಿಯಲ್ಲಿ ಶಿಷ್ಯನು ಯಾವ ದಿನವಾದರೂ ಎದ್ದು ಹೋಗಬಹುದು. ಆಮೇಲೆ ಕೊಡುವ ವ್ರತವೂ ತಾತ್ಕಾಲಿಕವಾದದ್ದು. ಮೂರರಿಂದ ಆರು ವರ್ಷದವರೆಗೆ ಅದರ ಗಡುವು. ಬೇಕಾದರೆ ಒಂಬತ್ತರವರೆಗೆ ಬೆಳೆಸಬಹುದು. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರನ್ನು ಜೀವಮಾನಕ್ಕೆಲ್ಲ ಸ್ವೀಕರಿಸುವ ಗಳಿಗೆಯು ಇಪ್ಪತ್ತೊಂದು ವರ್ಷ ತುಂಬುವುದಕ್ಕೆ ಮೊದಲು ಬರುವಂತೆಯೇ ಇಲ್ಲ. ಮಠದ ಆವರಣವನ್ನು ಬಿಟ್ಟು ಹೊರಬಾರದೆ ಧ್ಯಾನದಲ್ಲಿಯೇ ಇರುವ ಕನ್ಯಾಸ್ತ್ರೀಯರ ವಿಷಯದಲ್ಲಿ 2018ರಲ್ಲಿ ವ್ಯಾಟಿಕನ್ನು ಹೊರಡಿಸಿದ ಆದೇಶವು ಇನ್ನೂ ನಿಧಾನವಾದದ್ದು: ಅವರ ಪ್ರಾರಂಭದ ಶಿಕ್ಷಣವೇ ಒಂಬತ್ತು ವರ್ಷಕ್ಕೆ ಕಡಮೆಯಿರಬಾರದು. ಒಂಬತ್ತು ವರ್ಷದ ಹೊಸ್ತಿಲು!

ಇದನ್ನು ಮೊದಲು ಓದಿದಾಗ ನನಗೆ ನಮ್ಮ ಹಿರಿಯರ ಒಂದು ವಿಂಗಡಣೆಯು ನೆನಪಿಗೆ ಬಂದಿತು. ಪುರಾಣವೈರಾಗ್ಯ, ಪ್ರಸೂತಿವೈರಾಗ್ಯ, ಶ್ಮಶಾನವೈರಾಗ್ಯ ಎಂದು ಅವರು ಮೂರನ್ನು ಎಣಿಸುತ್ತಿದ್ದರು. ಕಥೆ ಕೇಳಿ ಏಳುವಾಗಲೂ ಹೆರಿಗೆಯ ನೋವಿನಲ್ಲಿಯೂ ಚಿತೆಯ ಮುಂದೆಯೂ ಯಾರಿಗಾದರೂ ಸಂಸಾರವು ಬೇಡವೆನಿಸುತ್ತದೆ. ಮೂರು ದಿನ ಕಳೆದರೆ ಬೇಕೆನಿಸುತ್ತದೆ. ಹುಸಿ ವೈರಾಗ್ಯವನ್ನು ಇಷ್ಟು ಚೆನ್ನಾಗಿ ಬಲ್ಲ ನಮ್ಮವರೇ ನಿಜವಾದ ವೈರಾಗ್ಯಕ್ಕೆ ಒಂದು ದಿನದ ತಡವನ್ನೂ ಒಪ್ಪಲಿಲ್ಲ. ವಿರಕ್ತಿಯು ಹುಟ್ಟಿದ ದಿನವೇ ಮನೆಯನ್ನು ಬಿಡಬಹುದೆಂದು ಜಾಬಾಲೋಪನಿಷತ್ತು ವಿಧಿಸುತ್ತದೆ. ಉಡುಪಿಯ ಅಷ್ಟಮಠಗಳಲ್ಲಿ ಬಾಲ್ಯದಲ್ಲಿಯೇ ಆಶ್ರಮವನ್ನು ಕೊಡುವ ಸಂಪ್ರದಾಯವುಂಟು. ರಾಮಕೃಷ್ಣಾಶ್ರಮದಲ್ಲಿ ಅನೇಕ ವರ್ಷ ಬ್ರಹ್ಮಚಾರಿಯಾಗಿದ್ದ ಮೇಲೆಯೇ ಸಂನ್ಯಾಸ. ಹೀಗೆ ನಮ್ಮೊಳಗೂ ಬೇರೆ ಬೇರೆ ದಾರಿಗಳುಂಟು. ಯಾವುದು ಮೇಲು ಎಂಬ ಜಗಳವು ಇಲ್ಲಿ ಬೇಡ. ಕಥೋಲಿಕರ ದಾರಿಯಲ್ಲಿ ನಾನು ಗುರುತಿಸುವುದು ಇಷ್ಟು: ಬಂದ ವೈರಾಗ್ಯವು ದೇವರ ಕರೆಯೇ ಹೌದೋ ಅಲ್ಲವೋ ಎಂಬುದನ್ನು ಬಂದವನೊಬ್ಬನೇ ತೀರ್ಮಾನಿಸಲಾರನು, ಮಠವೊಂದೇ ತೀರ್ಮಾನಿಸಲಾರದು; ಇಬ್ಬರೂ ಕಾದು ನೋಡಬೇಕು. ಕಾಯುವವರೆಗೆ ಬಾಗಿಲು ಎರಡು ಕಡೆಗೂ ತೆರೆದಿರಬೇಕು.

ನಮ್ಮ ನೆರೆಮನೆಯ ಬಾಯಮ್ಮನವರ ಮಗಳು ಹೀಗೆ ಹೋದವಳು. ಕರಾವಳಿಯಲ್ಲಿ ಕಥೋಲಿಕ ಗೃಹಿಣಿಯರನ್ನು ನಾವು ಬಾಯಮ್ಮನೆಂದೇ ಕರೆಯುವುದು. ಹೆಸರು ನನಗೆ ಗೊತ್ತಿದ್ದರೂ ಇಲ್ಲಿ ಅದು ಅನಾವಶ್ಯಕ. ಹುಡುಗಿಯು ನನ್ನಲ್ಲಿ ಹಳಗನ್ನಡದ ಪದ್ಯಗಳನ್ನು ಓದಿದವಳು, ಬಿ.ಕಾಂ. ಮುಗಿಸಿ, ಸಹಕಾರಿ ಸಂಘವೊಂದರಲ್ಲಿ ಎರಡು ವರ್ಷ ಲೆಕ್ಕ ಬರೆದು, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಕಾನ್ವೆಂಟನ್ನು ಸೇರುವೆನೆಂದಳು. ತಂದೆಯು ಗಲ್ಫಿನಲ್ಲಿ ದುಡಿದು ಬಂದವರು. ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಪೇಟೆಗೆ ಹೋಗಿ ಪೆಟ್ಟಿಗೆ ತಂದರು. ಆಕೆ ಹೋದ ಮೇಲೆ ಒಂದು ಮಧ್ಯಾಹ್ನ ಬಾಯಮ್ಮನವರು ಕಪಾಟಿನ ಮುಂದೆ ಕುಳಿತು ಮಗಳ ಸೀರೆ ಚೂಡಿದಾರಗಳನ್ನು ಮಡಚಿ, ನುಸಿಗುಳಿಗೆಯನ್ನು ಇಟ್ಟು ಜೋಡಿಸುತ್ತಿದ್ದುದನ್ನು ನನ್ನ ಹೆಂಡತಿಯು ಕಂಡಳು. ಕಂಡುಬಿಟ್ಟರಲ್ಲಾ ಎಂದು ಆ ತಾಯಿಗೆ ಸಂಕೋಚ. "ದೇವರಿಗೆ ಕೊಟ್ಟ ಮೇಲೆ ಬಟ್ಟೆ ಇಟ್ಟುಕೊಂಡು ಕೂತಿದ್ದೇನೆ, ನನ್ನ ವಿಶ್ವಾಸವೇ ಇಷ್ಟು" ಎಂದು ಕಣ್ಣೊರಸಿಕೊಂಡರಂತೆ. ಸಂಜೆ ನಾನು ಬೇಲಿಯ ಬಳಿ ನಿಂತು ಬೆನೆದಿಕ್ತನ ಉಗ್ರಾಣದ ಮಾತನ್ನು ಹೇಳಿದೆನು. "ಬಾಯಮ್ಮಾ, ನಿಮ್ಮ ಸಂತರೇ ಇಟ್ಟುಕೊಂಡಿದ್ದರು. ನೀವು ಇಟ್ಟುಕೊಂಡರೆ ತಪ್ಪೇನು?" ಅವರು ಬಹಳ ಹೊತ್ತು ಸುಮ್ಮನಿದ್ದು, "ಮಾಸ್ಟ್ರೇ, ಇದು ನಮ್ಮ ಪಾದ್ರಿಗಳು ಹೇಳಿರಲಿಲ್ಲ" ಎಂದರು.

ಹೊಸ್ತಿಲಲ್ಲಿ ನಿಂತವರ ಕಥೆಗಳಲ್ಲಿ ಮಂಗಳೂರಿಗೇ ಸೇರಿದ ದೊಡ್ಡ ಕಥೆಯೊಂದುಂಟು. ಅದನ್ನು ಊರಿನವರಲ್ಲಿಯೇ ಬಲ್ಲವರು ಕಡಮೆ. ಗಲಿಲಾಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ 1846ರ ಜನವರಿ 5ರಂದು ಮರಿಯಮ್ ಬವಾರ್ದಿ ಎಂಬ ಅರಬ ಹುಡುಗಿಯು ಹುಟ್ಟಿದಳು. ಎಳೆತನದಲ್ಲಿಯೇ ತಂದೆತಾಯಿಗಳು ತೀರಿಕೊಂಡರು. ಅಲೆಕ್ಸಾಂಡ್ರಿಯ, ಜೆರೂಸಲೇಮು, ಬೈರೂತು, ಮಾರ್ಸೇಲ್ಸು ಎಂದು ಊರೂರುಗಳಲ್ಲಿ ಮನೆಗೆಲಸ ಮಾಡಿ ಬೆಳೆದಳು. ಓದು ಬರಹವು ಇಲ್ಲವೆನ್ನುವಷ್ಟು ಕಡಮೆ. 1865ರಲ್ಲಿ ಮಾರ್ಸೇಲ್ಸಿನಲ್ಲಿ ಸಂತ ಜೋಸೆಫರ ಹೆಸರಿನ ಸಂಘವೊಂದನ್ನು ಅಭ್ಯರ್ಥಿಯಾಗಿ ಸೇರಿದಳು. ಆಕೆಗೆ ದರ್ಶನಗಳಾಗುತ್ತಿದ್ದುವು, ಮೈಮರೆವು ಬರುತ್ತಿತ್ತು. ಇಂಥವಳು ನಮ್ಮ ಕೆಲಸಕ್ಕೆ ಒಗ್ಗುವಳೇ ಎಂಬ ಸಂದೇಹವು ಅಲ್ಲಿಯವರಿಗೆ ಹುಟ್ಟಿತು. ಎರಡು ವರ್ಷದ ಮೇಲೆ ಅಭಿಪ್ರಾಯ ತೆಗೆದು, ಬೇಡವೆಂದು ಕಳುಹಿಸಿಬಿಟ್ಟರು.

ಅದೇ ಮನೆಯಲ್ಲಿದ್ದ ಮದರ್ ವೆರೋನಿಕಾ ಎಂಬವರು ಆಕೆಯ ಕೈಹಿಡಿದರು. ಈ ತಾಯಿಯ ಕಥೆಯೂ ಸಾಮಾನ್ಯವಾದುದಲ್ಲ. ಕಾನ್‌ಸ್ಟಾಂಟಿನೋಪಲ್ಲಿನಲ್ಲಿ 1823ರಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದ ಸೋಫಿ ಲೀವ್ಸ್ ಇವರು. ಕಥೋಲಿಕ ಮತವನ್ನು ಸ್ವೀಕರಿಸಿ ಸಂನ್ಯಾಸಿನಿಯಾಗಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಸೇವೆ ಮಾಡಿ ಹೋದವರು. ಭಾರತಕ್ಕಾಗಿ ಹೊಸದೊಂದು ಕಾರ್ಮೆಲ್ ಸಂಘವನ್ನು ಕಟ್ಟಬೇಕೆಂದು ತಮ್ಮ ನಲವತ್ತಮೂರನೆಯ ವಯಸ್ಸಿನಲ್ಲಿ ಮತ್ತೆ ನವಶಿಷ್ಯೆಯಾಗಲು ಹೊರಟಿದ್ದರು. 1867ರ ಜೂನಿನಲ್ಲಿ ಫ್ರಾನ್ಸಿನ ಪೋ ಎಂಬ ಊರಿನ ಕಾರ್ಮೆಲ್ ಮಠದ ಬಾಗಿಲಲ್ಲಿ ಈ ಇಬ್ಬರೂ ನಿಂತರು: ನಡುವಯಸ್ಸಿನ ವಿದ್ಯಾವತಿಯೊಬ್ಬಳು, ಇಪ್ಪತ್ತೊಂದರ ಅನಕ್ಷರಸ್ಥೆಯಾದ ಕೆಲಸದ ಹುಡುಗಿಯೊಬ್ಬಳು. ಬಾಗಿಲು ಇಬ್ಬರಿಗೂ ತೆರೆಯಿತು. ಮದರ್ ವೆರೋನಿಕಾ ಅವರು 1868ರಲ್ಲಿ ಸ್ಥಾಪಿಸಿದ ಅಪೊಸ್ತಲಿಕ್ ಕಾರ್ಮೆಲ್ ಸಂಘದ ಮೂವರು ಸೋದರಿಯರು 1870ರ ನವೆಂಬರಿನಲ್ಲಿ ಮಂಗಳೂರಿಗೆ ಬಂದಿಳಿದರು. ಸಂತ ಆ್ಯಗ್ನೆಸ್ ಕಾಲೇಜಿನಲ್ಲಿ ಓದಿದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಆ ಸಂಘದ ಋಣಿಗಳು.

ಮರಿಯಮ್ಮಳೂ ಅದೇ ವರ್ಷ ಇಲ್ಲಿಗೆ ಬಂದಳು. ಧ್ಯಾನನಿಷ್ಠರಾದ ಕಾರ್ಮೆಲ್ ಕನ್ಯಾಸ್ತ್ರೀಯರ ಮಠವನ್ನು ಮಂಗಳೂರಿನಲ್ಲಿ ಕಟ್ಟುವುದಕ್ಕಾಗಿ 1870ರ ಆಗಸ್ಟಿನಲ್ಲಿ ಪೋ ಮಠದಿಂದ ಹೊರಟವರ ಗುಂಪಿನಲ್ಲಿ ಆಕೆಯೊಬ್ಬಳು. ಗುಂಪಿನ ಮೂವರು ಸೋದರಿಯರು ಮಂಗಳೂರನ್ನು ಮುಟ್ಟುವ ಮೊದಲೇ ಮಡಿದರು. ಫ್ರಾನ್ಸಿನಿಂದ ಮತ್ತೆ ಕೆಲವರನ್ನು ಕಳುಹಬೇಕಾಯಿತು. ಉಳಿದವರೊಡನೆ ಮರಿಯಮ್ಮಳು ನಮ್ಮ ಮಳೆಗೂ ಸೆಕೆಗೂ ಮೈಯೊಡ್ಡಿ, ಮಠದ ಭಾರದ ಕೆಲಸಗಳನ್ನೆಲ್ಲ ಮಾಡಿ, ನವಶಿಷ್ಯಾವಸ್ಥೆಯನ್ನು ಮುಗಿಸಿದಳು. 1871ರ ನವೆಂಬರ್ 21ರಂದು ಈ ಮಂಗಳೂರಿನಲ್ಲಿ ಆಕೆಯ ವ್ರತಸ್ವೀಕಾರವಾಯಿತು. ಅಲ್ಲಿಗೂ ಕಷ್ಟವು ತೀರಲಿಲ್ಲ. ಆಕೆಯ ದರ್ಶನಗಳು ನಿಜವೇ ಎಂಬ ಸಂದೇಹವು ಇಲ್ಲಿಯೂ ತಲೆಯೆತ್ತಿತು. 1872ರಲ್ಲಿ ಪೋ ಮಠಕ್ಕೆ ಹಿಂದಕ್ಕೆ ಕಳುಹಿಸಿದರು. ಮರುಮಾತಿಲ್ಲದೆ ಹೋದಳು. ಮುಂದೆ 1875ರಲ್ಲಿ ಬೆತ್ಲೆಹೇಮಿನಲ್ಲಿ ಮಠವನ್ನು ಕಟ್ಟಲು ಹೋದವರಲ್ಲಿ ಸೇರಿದಳು. ಅಲ್ಲಿ ಕಟ್ಟಡದ ಕೆಲಸದಾಳುಗಳಿಗೆ ಕುಡಿಯುವ ನೀರನ್ನು ಒಯ್ಯುತ್ತಿರುವಾಗ ಬಿದ್ದು ಕೈ ಮುರಿದು, ಗಾಯವು ಕೊಳೆತು, 1878ರ ಆಗಸ್ಟ್ 26ರಂದು ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡಳು. 2015ರ ಮೇ 17ರಂದು ಪೋಪ್ ಫ್ರಾನ್ಸಿಸರು ಆಕೆಯನ್ನು ಸಂತಳೆಂದು ಸಾರಿದರು.

ಈ ಜೀವನದ ಪವಾಡಗಳ ವಿಚಾರವನ್ನು ಆ ಮತದವರಿಗೆ ಬಿಡುತ್ತೇನೆ. ನನ್ನನ್ನು ನಿಲ್ಲಿಸುವುದು ಒಂದು ಸಣ್ಣ ಸಂಗತಿ: ಮೊದಲು ಸೇರಿದ ಮನೆಯವರು ಬೇಡವೆಂದವಳು ಈಕೆ. ಮಾರ್ಸೇಲ್ಸಿನಿಂದ ಹೊರಬಿದ್ದ ದಿನ ಆಕೆಯ ಪರಿಚಿತರು ಏನೆಂದಿರಬಹುದು? "ಕಾನ್ವೆಂಟಿನವರು ಕಳುಹಿಸಿಬಿಟ್ಟರಂತೆ" ಎಂಬ ಮಾತಿಗೆ ಯಾವ ಭಾಷೆಯಲ್ಲಿಯೂ ಒಂದೇ ದನಿ. ಹಾಗೆಂದು ಮಾರ್ಸೇಲ್ಸಿನವರನ್ನು ದೂರುವಂತೆಯೂ ಇಲ್ಲ. ಅವರದು ಶಾಲೆ ಆಸ್ಪತ್ರೆಗಳ ಓಡಾಟದ ಸಂಘ. ಇವಳದು ಧ್ಯಾನದ ಸ್ವಭಾವ. ಅವರು ದಾಕ್ಷಿಣ್ಯಕ್ಕೆ ಇಟ್ಟುಕೊಂಡಿದ್ದರೆ ಆಕೆಗೆ ತನ್ನ ಮನೆಯು ಸಿಕ್ಕುತ್ತಿರಲಿಲ್ಲ. ಪರೀಕ್ಷೆಯ ಕಾಲದಲ್ಲಿ ಹೇಳಿದ ಇಲ್ಲವೂ ಒಂದು ಉಪಕಾರವಾಗಬಹುದು.

ಬಾಗಿಲು ಎರಡು ಕಡೆಗೂ ತೆರೆದಿರಬೇಕೆಂಬ ತತ್ತ್ವವು ಪುಸ್ತಕದಲ್ಲಿದ್ದಷ್ಟು ಸುಲಭವಾಗಿ ಊರಿನಲ್ಲಿ ನಡೆದುಬಂದುದಿಲ್ಲ. 1563ರಲ್ಲಿ ಟ್ರೆಂಟ್ ನಗರದ ಧರ್ಮಸಭೆಯು, ಹೆಣ್ಣನ್ನು ಬಲವಂತದಿಂದ ಮಠಕ್ಕೆ ಸೇರಿಸುವವರಿಗೂ, ಸೇರಬೇಕೆಂಬವಳನ್ನು ಕಾರಣವಿಲ್ಲದೆ ತಡೆಯುವವರಿಗೂ ಒಟ್ಟಿಗೇ ಬಹಿಷ್ಕಾರವನ್ನು ವಿಧಿಸಿತು. ವಿಧಿಸಬೇಕಾಗಿ ಬಂದುದೇ ರೋಗದ ಗುರುತು. ಇಟಲಿಯ ದೊಡ್ಡ ಮನೆತನಗಳಲ್ಲಿ ಮಗಳ ಮದುವೆಯ ವರದಕ್ಷಿಣೆಯು ಹೊರಲಾರದ ಹೊರೆಯಾಗಿತ್ತು. ಮಠಕ್ಕೆ ಕೊಡುವ ದಕ್ಷಿಣೆಯು ಅದಕ್ಕಿಂತ ಕಡಮೆ. ಆದುದರಿಂದ ಒಬ್ಬ ಮಗಳಿಗೆ ಮದುವೆ, ಉಳಿದವರಿಗೆ ಮಠ. ವೆನಿಸಿನ ಆರ್ಕಾಂಜೆಲಾ ತಾರಾಬೊತ್ತಿ ಎಂಬಾಕೆಯನ್ನು ಟ್ರೆಂಟ್ ಸಭೆಯಾಗಿ ಅರ್ಧ ಶತಮಾನ ಕಳೆದ ಮೇಲೆಯೂ ಹೀಗೆಯೇ ಮಠಕ್ಕೆ ತಳ್ಳಿದರು. ಆಕೆ 1652ರಲ್ಲಿ ಸಾಯುವವರೆಗೂ ಮಠದೊಳಗಿನಿಂದಲೇ ತಂದೆಯರ ಈ ಲೆಕ್ಕಾಚಾರವನ್ನು ಖಂಡಿಸಿ ಗ್ರಂಥಗಳನ್ನು ಬರೆದಳು. 1917ರ ಧರ್ಮಸಂಹಿತೆಯಲ್ಲಿಯೂ ಕನ್ಯಾಮಠವನ್ನು ಸೇರುವವಳು ದಕ್ಷಿಣೆ ತರಬೇಕೆಂಬ ನಿಯಮವಿತ್ತು. ಅದರೊಡನೆ, ಆಕೆಯು ಬಿಟ್ಟುಹೋದರೆ ಮೂಲಧನವನ್ನು ಪೂರ್ತಿಯಾಗಿ ಹಿಂದಿರುಗಿಸತಕ್ಕದ್ದೆಂಬ ನಿಯಮವೂ ಇತ್ತು. ನಮ್ಮ ಮದುವೆಗಳ ವರದಕ್ಷಿಣೆಗೆ ಇಂಥ ಎರಡನೆಯ ನಿಯಮವೊಂದಿದ್ದಿದ್ದರೆ ಎಷ್ಟು ಹೆಣ್ಣುಮಕ್ಕಳು ಬದುಕಿಕೊಳ್ಳುತ್ತಿದ್ದರೋ!

ಬಡತನವೂ ಬಲಾತ್ಕಾರದ ಒಂದು ರೂಪವೇ. ಕೇರಳದ ಬಡ ಮನೆಗಳ ಹುಡುಗಿಯರನ್ನು ಕೂಡಿಸಿ, ಆಳು ಸಾಲದ ಐರೋಪ್ಯ ಕಾನ್ವೆಂಟುಗಳಿಗೆ ಸಾಗಿಸುತ್ತಿದ್ದಾರೆಂದು 1970ರಲ್ಲಿ ವಿದೇಶದ ಪತ್ರಿಕೆಗಳು ದೊಡ್ಡ ಗುಲ್ಲನ್ನೆಬ್ಬಿಸಿದ್ದುವು. ಮನೆಯಲ್ಲಿ ಆರು ಹೆಣ್ಣು, ಅಡುಗೆಯ ಪಾತ್ರೆಯಲ್ಲಿ ಮೂವರಿಗೆ ಗಂಜಿ ಎಂದಿರುವಾಗ ದೇವರ ಕರೆ ಯಾವುದು, ಹಸಿವಿನ ಕರೆ ಯಾವುದು ಎಂದು ಬೇರ್ಪಡಿಸುವುದು ಯಾರಿಂದಾದೀತು? ಆದರೆ ಈ ಒಂದು ಪ್ರಶ್ನೆಯಿಂದ ಎಲ್ಲರ ಕರೆಯನ್ನೂ ಅಳೆದುಬಿಡುವುದು ನ್ಯಾಯವಲ್ಲ. ಮಂಗಳೂರಿನಲ್ಲಿಯೇ ಹುಟ್ಟಿದ ಸಂಘಗಳಿವೆ: 1887ರಲ್ಲಿ ಆರಂಭವಾದ ಉರ್ಸುಲೈನ್ ಫ್ರಾನ್ಸಿಸ್ಕನ್ನರು, 1921ರಲ್ಲಿ ರೇಮಂಡ್ ಮಸ್ಕರೇನ್ಹಸ್ ಪಾದ್ರಿಗಳು ಬೆಂದೂರಿನಲ್ಲಿ ಸ್ಥಾಪಿಸಿದ ಬೆಥನಿ ಸೋದರಿಯರು. ಬೆಥನಿಗೆ ಮೊದಲು ಬಂದವರು ನಾಲ್ವರು. ಒಂದು ಪ್ರಸಿದ್ಧವಾದ ಮನೆಯನ್ನು ಸೇರುವುದು ಬೇರೆ. ಇನ್ನೂ ಗೋಡೆಯೇ ಏಳದ ಮನೆಗೆ ಅಭ್ಯರ್ಥಿಯಾಗುವುದು ಬೇರೆ. ಆ ನಾಲ್ವರನ್ನು ಅಲ್ಲಿಗೆ ನಡೆಸಿದುದು ಅನ್ನದ ಆಶೆಯೆಂದು ಯಾರೂ ಹೇಳಲಾರರು.

ಈಗಿನ ಕಾಲಕ್ಕೆ ಪ್ರಶ್ನೆಯ ಮುಖವೇ ತಿರುಗಿದೆ. 1970ರ ಸುಮಾರಿಗೆ ಲೋಕದಲ್ಲೆಲ್ಲ ಹತ್ತು ಲಕ್ಷದಷ್ಟಿದ್ದ ಕಥೋಲಿಕ ಸಂನ್ಯಾಸಿನಿಯರು ಈಗ ಆರು ಲಕ್ಷಕ್ಕಿಂತ ಕಡಮೆಯಾಗಿದ್ದಾರೆ. ಯೂರೋಪಿನಲ್ಲಿ ಮಠಗಳೆಷ್ಟೋ ಮುಚ್ಚಿಹೋದುವು. ನಮ್ಮ ಕರಾವಳಿಯಲ್ಲಿಯೂ ಎಂಟು ಹತ್ತು ಮಕ್ಕಳ ಮನೆಯು ಹೋಗಿ ಎರಡು ಮಕ್ಕಳ ಮನೆಯು ಬಂದಿದೆ; ಹತ್ತರಲ್ಲಿ ಒಂದನ್ನು ಇಗರ್ಜಿಗೆ ಕೊಡುವುದು ಹೆಮ್ಮೆಯಾಗಿದ್ದಲ್ಲಿ, ಎರಡರಲ್ಲಿ ಒಂದನ್ನು ಕೊಡುವುದು ಕರುಳಿನ ಕೆಲಸವಾಗಿದೆ. ನರ್ಸಾಗಿಯೋ ಉಪಾಧ್ಯಾಯಿನಿಯಾಗಿಯೋ ಹೊರದೇಶವನ್ನು ಕಾಣಬಲ್ಲವಳು ಅದಕ್ಕಾಗಿ ಕಾನ್ವೆಂಟಿಗೆ ಹೋಗಬೇಕಾಗಿಲ್ಲ. ಆದುದರಿಂದ ಇಂದು ಬಾಗಿಲಿಗೆ ಬರುವವರು ಕೆಲವರೇ. ಆದರೆ ಬೇರೆ ದಾರಿಗಳನ್ನು ಬಲ್ಲವರು, ಬಲ್ಲವರಾಗಿ ಇದನ್ನು ಆರಿಸಿದವರು. ಮಠಗಳಿಗೆ ಇಲ್ಲಿ ಒಂದು ಹೊಸ ಪ್ರಲೋಭನೆಯೂ ಉಂಟು. ಬರುವವರು ಕಡಮೆಯಾದಾಗ ಬಂದವರನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂಬ ಮನಸ್ಸು ಯಾವ ಸಂಸ್ಥೆಗಾದರೂ ಸಹಜವೇ. ಬೆನೆದಿಕ್ತನ ನಾಲ್ಕೈದು ದಿನಗಳ ಬೆಲೆಯು ನಿಜವಾಗಿ ತಿಳಿಯಬೇಕಾದುದು ಇಂಥ ಕಾಲದಲ್ಲಿ.

ಬಾಯಮ್ಮನವರ ಮಗಳು ನಾಲ್ಕನೆಯ ವರ್ಷದಲ್ಲಿ ಮನೆಗೆ ಬಂದಳು. ಮೊದಲ ವ್ರತಕ್ಕೆ ಎರಡು ತಿಂಗಳಿತ್ತು. ಒಟ್ಟಿಗಿದ್ದ ಏಳು ಜನರಲ್ಲಿ ನಾಲ್ವರು ವ್ರತವನ್ನು ತೆಗೆದುಕೊಂಡರು; ಈಕೆಯೂ ಇನ್ನಿಬ್ಬರೂ ಹಿಂದಿರುಗಿದರು. ಊರಿಗೆ ಬೇಕಾದುದು ಒಂದೇ ಪ್ರಶ್ನೆಗೆ ಉತ್ತರ: ಓಡಿಸಿದರೋ, ಓಡಿಬಂದಳೋ? ಹಾಲಿನ ಡಿಪೋದಲ್ಲಿ ಕೇಳಿದರು, ರಿಕ್ಷಾ ನಿಲ್ದಾಣದಲ್ಲಿ ಕೇಳಿದರು, ಇಗರ್ಜಿಯ ಮೆಟ್ಟಿಲಲ್ಲಿ ಹೆಚ್ಚು ಮೆತ್ತಗೆ ಕೇಳಿದರು. ಮದುವೆಯ ಮಾತು ತಂದವರೊಬ್ಬರು, ಅಷ್ಟು ವರ್ಷ ಅಲ್ಲಿದ್ದವಳು ಸಂಸಾರಕ್ಕೆ ಒಗ್ಗುವಳೇ ಎಂದು ಆಕೆಯ ತಂದೆಯನ್ನೇ ಕೇಳಿ ಹೋದರು. ನಮ್ಮವರಲ್ಲಿ ಶಾಸ್ತ್ರ ಬಲ್ಲ ಒಬ್ಬರು ಆರೂಢಪತಿತೆ ಎಂಬ ದೊಡ್ಡ ಮಾತನ್ನೇ ಎಳೆದುತಂದರು. ಆರೂಢಪತಿತನೆಂದರೆ ಸಂನ್ಯಾಸವನ್ನು ಏರಿ ಜಾರಿದವನು. ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಂಡು ಹೊರಟವನಿಗೆ ಹಿಂದಿರುಗಲು ಮನೆಯಿರುವುದಿಲ್ಲ. ಅದಕ್ಕೆ ಆ ಮಾತು. ಮೆಟ್ಟಿಲ ಕೆಳಗೆ ನಿಂತು, ಏರಲೋ ಬೇಡವೋ ಎಂದು ಪ್ರಾಮಾಣಿಕವಾಗಿ ನೋಡಿ, ಇದು ನನ್ನ ಮೆಟ್ಟಿಲಲ್ಲವೆಂದು ತಿಳಿದು ಬಂದವಳಿಗೆ ಅದು ಹೇಗೆ ಸಲ್ಲುತ್ತದೆ? ಏರದವಳು ಜಾರುವುದೆಲ್ಲಿ? ನಾನು ಅವರಿಗೆ ಇಷ್ಟನ್ನೇ ಹೇಳಿದೆನು. ಅವರು ಒಪ್ಪಲಿಲ್ಲ, ಮತ್ತೆ ಆ ಮಾತನ್ನು ಆಡಲೂ ಇಲ್ಲ.

ಆಕೆಯನ್ನು ನಾನಾಗಿ ಏನನ್ನೂ ಕೇಳಲಿಲ್ಲ. ಒಂದು ದಿನ ಪುಸ್ತಕ ಹಿಂದಿರುಗಿಸಲು ಬಂದವಳು ತಾನಾಗಿಯೇ ಹೇಳಿದಳು: "ಮಾಸ್ಟ್ರೇ, ಅಲ್ಲಿ ಯಾರೂ ಹೋಗು ಎನ್ನಲಿಲ್ಲ, ಇರು ಎಂದೂ ಎನ್ನಲಿಲ್ಲ. ನಿನಗೆ ಏನು ಕೇಳಿಸುತ್ತಿದೆ ಎಂದು ಮಾತ್ರ ಕೇಳಿದರು. ನಾನು ಒಂದು ವರ್ಷ ಕಿವಿಗೊಟ್ಟೆ. ನನಗೆ ಅಲ್ಲಿಯ ಮೌನ ಇಷ್ಟವಾಗಿತ್ತು. ಜೀವಮಾನದ ಕರೆ ಕೇಳಿಸಲಿಲ್ಲ. ಇಷ್ಟವನ್ನೇ ಕರೆ ಎಂದುಕೊಂಡು ವ್ರತ ತೆಗೆದುಕೊಂಡಿದ್ದರೆ ದೇವರಿಗೇ ಸುಳ್ಳು ಹೇಳಿದ ಹಾಗೆ ಆಗುತ್ತಿತ್ತು." ನನಗೆ ಆ ಮಾತಿನಲ್ಲಿ ಸೋಲಿನ ಸುಳಿವೂ ಕಾಣಲಿಲ್ಲ. ಆಕೆಗೆ ನೋವಿದ್ದುದು ಬೇರೆ ಕಡೆ. "ಅಲ್ಲಿಂದ ಹೊರಡುವುದು ಕಷ್ಟವಾಗಲಿಲ್ಲ ಮಾಸ್ಟ್ರೇ, ಇಲ್ಲಿಗೆ ಬರುವುದೇ ಕಷ್ಟವಾಯಿತು" ಎಂದಳು.

ಈ ಮಾತನ್ನು ನಾನು ಮರೆಯಲಾರೆ. ಒಬ್ಬಳು ಬಿಟ್ಟುಬರುವುದಕ್ಕೆ ಧರ್ಮಸಂಹಿತೆಯು ಅವಕಾಶ ಕೊಟ್ಟಿದೆ, ಮಠವು ಕೊಟ್ಟಿದೆ, ಕೊಡದಿರುವುದು ಊರು. ಹಿಂದಿರುಗಿದವಳಿಗೆ ಊರಿನಲ್ಲಿ ಮುಖವಿಲ್ಲವೆಂದಾದರೆ, ಹಿಂದಿರುಗಬೇಕಾದವರು ಎಷ್ಟೋ ಜನ ನಾಚಿಕೆಗೆ ಹೆದರಿ ಅಲ್ಲಿಯೇ ಉಳಿದಾರು. ಒಲ್ಲದ ಮನಸ್ಸಿನಿಂದ ಉಳಿದವರಿಂದ ಮಠಕ್ಕೂ ಸುಖವಿಲ್ಲ, ಅವರ ಕೈಕೆಳಗಿನ ರೋಗಿಗಳಿಗೂ ಮಕ್ಕಳಿಗೂ ಸುಖವಿಲ್ಲ. ಟ್ರೆಂಟ್ ಸಭೆಯು ತಂದೆತಾಯಿಗಳ ಬಲಾತ್ಕಾರವನ್ನು ನಿಷೇಧಿಸಿತು. ನೆರೆಹೊರೆಯವರ ನಾಲಗೆಯ ಬಲಾತ್ಕಾರವನ್ನು ನಿಷೇಧಿಸುವ ಸಭೆಯೆಲ್ಲಿದೆ?

ಮಠಗಳ ಕಡೆಯಲ್ಲಿಯೂ ಮಾಡಬೇಕಾದುದು ಇಲ್ಲದೆ ಇಲ್ಲ. ಹೊಸ್ತಿಲಿನಿಂದಲೇ ಹಿಂದಿರುಗಿದವಳಿಗೆ ಹರೆಯವಿರುತ್ತದೆ, ಓದಿರುತ್ತದೆ. ಹತ್ತಿಪ್ಪತ್ತು ವರ್ಷ ಒಳಗಿದ್ದು ಹೊರಬಂದವಳ ಗತಿಯು ಬೇರೆ. ಮಾಡಿದ ಕೆಲಸಕ್ಕಾಗಿ ಸಂಘದಿಂದ ಏನನ್ನೂ ಕೇಳುವ ಹಕ್ಕು ಆಕೆಗಿಲ್ಲವೆಂದು ಸಂಹಿತೆಯು ಹೇಳುತ್ತದೆ. ಹೇಳಿದ ಮರುಕ್ಷಣವೇ, ಆದರೂ ಸಂಘವು ಆಕೆಯೊಡನೆ ನ್ಯಾಯದಿಂದಲೂ ಕ್ರೈಸ್ತ ಪ್ರೀತಿಯಿಂದಲೂ ನಡೆದುಕೊಳ್ಳತಕ್ಕದ್ದೆಂದು ಸೇರಿಸುತ್ತದೆ. ಎರಡನೆಯ ವಾಕ್ಯವನ್ನು ಎಲ್ಲರೂ ಒಂದೇ ಸಮನಾಗಿ ಓದುವುದಿಲ್ಲ. ಸಂನ್ಯಾಸಿಸಂಘಗಳನ್ನು ನೋಡಿಕೊಳ್ಳುವ ವ್ಯಾಟಿಕನ್ ಇಲಾಖೆಯ ಅಂದಿನ ಮುಖ್ಯಸ್ಥರಾದ ಕಾರ್ಡಿನಲ್ ಬ್ರಾಜ್ ದೆ ಅವಿಸ್ ಅವರು, ಸಂಘಗಳನ್ನು ಬಿಟ್ಟು ದಿಕ್ಕಿಲ್ಲದಾದ ಸೋದರಿಯರಿಗಾಗಿ ಪೋಪ್ ಫ್ರಾನ್ಸಿಸರು ರೋಮಿನಲ್ಲಿ ಒಂದು ಮನೆಯನ್ನು ಮಾಡಿಸಿರುವರ ಸಂಗತಿಯನ್ನು 2020ರಲ್ಲಿ ಬಹಿರಂಗವಾಗಿ ತಿಳಿಸಿದರು. ಬೆನೆದಿಕ್ತನ ಉಗ್ರಾಣವು ಒಂದು ಮನೆಯಾಗಿ ಬೆಳೆಯಿತೆಂದು ಇದನ್ನು ಎಣಿಸಬಹುದು. ಇಂಥ ಮನೆಯ ಅವಶ್ಯಕತೆಯು ಬಂದಿತಲ್ಲಾ ಎಂದು ನೊಂದುಕೊಳ್ಳಲೂಬಹುದು.

ಹಿಂದಿರುಗಿದವರ ಮಾತನ್ನೇ ಇಷ್ಟು ಹೇಳಿದುದರಿಂದ ಉಳಿದವರ ಬಗ್ಗೆ ನನಗೆ ಆದರವು ಕಡಮೆಯೆಂದು ವಾಚಕರು ತಿಳಿಯಬಾರದು. ಬಾಯಮ್ಮನವರ ಮಗಳೊಡನಿದ್ದ ನಾಲ್ವರಲ್ಲಿ ಒಬ್ಬಾಕೆಯು ಈಗ ಉತ್ತರ ಕರ್ನಾಟಕದ ಹಳ್ಳಿಯೊಂದರ ದವಾಖಾನೆಯಲ್ಲಿದ್ದಾಳೆ. ಕ್ರಿಸ್ಮಸ್ಸಿಗೆ ಇವಳಿಗೆ ಕಾಗದ ಬರೆಯುತ್ತಾಳೆ. ಹೋಗಬಹುದಾಗಿತ್ತು, ಉಳಿದಳು. ಅವಳ ವ್ರತಕ್ಕೆ ಬೆಲೆ ಬಂದಿರುವುದು ಆ ಹೋಗಬಹುದಾಗಿತ್ತು ಎಂಬ ಮಾತಿನಿಂದಲೇ. ಬೀಗ ಹಾಕಿದ ಕೋಣೆಯಲ್ಲಿ ಇರುವವರನ್ನು ಯಾರೂ ತ್ಯಾಗಿಗಳೆನ್ನುವುದಿಲ್ಲ. ಬಂದ ಏಳು ಜನರಲ್ಲಿ ಮೂವರು ಹಿಂದಿರುಗುವುದಕ್ಕೆ ಸ್ವತಂತ್ರರಾಗಿದ್ದುದರಿಂದಲೇ ಉಳಿದ ನಾಲ್ವರ ಉಳಿವು ನಿಜವಾದುದು. ಹಿಂದಿರುಗಿದವಳು ಉಳಿದವಳ ವ್ರತಕ್ಕೆ ಹೀಗೆ ಸಾಕ್ಷಿಯಾಗಿ ನಿಲ್ಲುತ್ತಾಳೆ. ಅವಳನ್ನು ಹೀನಾಯಮಾಡಿದವರು ಇವಳ ಬೆಲೆಯನ್ನೂ ಇಳಿಸಿದಂತಾಯಿತು.

ನಮ್ಮ ಜಿಲ್ಲೆಯಲ್ಲಿ ಪ್ರತಿವರ್ಷವೂ ಕೆಲವು ಹುಡುಗ ಹುಡುಗಿಯರು ಸೆಮಿನರಿಗಳಿಗೂ ಕಾನ್ವೆಂಟುಗಳಿಗೂ ಹೊರಡುತ್ತಾರೆ, ಮುಂದೆಯೂ ಹೊರಡುವರು. ಅವರಲ್ಲಿ ಯಾರು ಸಂತರಾಗುವರು, ಯಾರು ಒಳ್ಳೆಯ ಗೃಹಸ್ಥರಾಗುವರು ಎಂಬುದನ್ನು ಹೊರಡುವ ದಿನವೇ ಹೇಳಬಲ್ಲವರು ಯಾರೂ ಇಲ್ಲ. ಅವರ ಗುರುಗಳೂ ಹೇಳುವುದಿಲ್ಲ. ನೆರೆಯವರಾದ ನಮಗೆ ಅವರ ಧ್ಯಾನದಲ್ಲಿ ಪಾಲಿಲ್ಲ, ಅವರ ವ್ರತದಲ್ಲಿ ಪಾಲಿಲ್ಲ. ಒಂದು ಸಣ್ಣ ಕೆಲಸದಲ್ಲಿ ಮಾತ್ರ ಪಾಲುಂಟು: ಹೋಗುವವರನ್ನು ಹರಸಿ ಕಳುಹುವುದು, ಬಂದವರನ್ನು ಪ್ರಶ್ನೆಯಿಲ್ಲದೆ ಊಟಕ್ಕೆ ಕರೆಯುವುದು. ಇಷ್ಟನ್ನು ಮಾಡಲು ಯಾವ ಮತದವರಿಗೂ ಶಾಸ್ತ್ರದ ಅಡ್ಡಿಯಿಲ್ಲವೆಂದು ನನ್ನ ನಂಬಿಕೆ.